ಮಂಡಕ್ಕಿಗೊಂದು ಬೆಟ್ಟ

ಹೋದ ವಾರ ಬಾಗಲಗುಂಟೆಯಲ್ಲಿ ನಮ್ಮ ರಸ್ತೆಯನ್ನು ಮತ್ತೆ ಅಗೆದರು. ಈ ರಸ್ತೆಯ ಹಣೆಬರಹವೇ ಅಷ್ಟು. ನೀರಿನವರು ಮುಚ್ಚಿ ಹೋದರೆ ಕೇಬಲ್ಲಿನವರು ಬಂದು ತೆರೆಯುತ್ತಾರೆ. ಟಿಪ್ಪರಿನವನು ಒಂದು ಲೋಡು ಜಲ್ಲಿಯನ್ನು ಸರಿಯಾಗಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಎದುರಿಗೇ ಸುರಿದು ಹೋಗಿದ್ದ. ಬೆಳಿಗ್ಗೆ ನಾಲ್ಕು ಹನಿ ಮಳೆ ಬಿದ್ದು ಆ ಹೊಸ ಜಲ್ಲಿಯಿಂದ ಒಂದು ವಾಸನೆ ಎದ್ದಿತ್ತು. ಮಣ್ಣಿನ ವಾಸನೆಯಲ್ಲ, ಒಡೆದ ಕಲ್ಲಿನ ವಾಸನೆ. ಮೂಗಿಗೆ ಸ್ವಲ್ಪ ಚುಚ್ಚುತ್ತದೆ. ಕಸದ ಗಾಡಿ, ಕೋಳಿ ಅಂಗಡಿ, ಪಕ್ಕದ ಮನೆಯವರ ಬೂಟು, ಯಾವುದನ್ನೂ ಮೂಸದೆ ಬಿಡದ ನಮ್ಮ ನಾಯಿ ಮಂಡಕ್ಕಿ ಆ ರಾಶಿಯ ಹತ್ತಿರ ಬಂದದ್ದೇ ಬಾಲವನ್ನು ಕಾಲಸಂದಿಗೆ ಸೇರಿಸಿಕೊಂಡು ಕೂತುಬಿಟ್ಟಳು. ಎಳೆದರೂ ಏಳಲಿಲ್ಲ, ಬಿಸ್ಕತ್ತು ತೋರಿಸಿದರೂ ಏಳಲಿಲ್ಲ.

"ಏನ್ ಸಾರ್, ಲಾರಿಗೆ ಹೆದರಲ್ಲ, ಜಲ್ಲಿಗೆ ಹೆದರ್ತಾಳಲ್ಲ ನಿಮ್ ಮಂಡಕ್ಕಿ!" ಎಂದು ವಾಚ್‌ಮನ್ ನಕ್ಕ.

ನನಗೆ ನಗು ಬರಲಿಲ್ಲ. ಹದಿನೆಂಟು ಕೆಜಿಯ ನಾಯಿಯನ್ನು ಎತ್ತಿಕೊಂಡು ರಾಶಿ ದಾಟಿಸಿದೆ. ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿದ್ದದ್ದು ನನ್ನ ಅಂಗಿಯ ಮೂಲಕ ತಿಳಿಯುತ್ತಿತ್ತು. ಅವಳು ಯಾಕೆ ಹೆದರಿದಳೆಂದು ನನಗೆ ಗೊತ್ತು. ನಿಮಗೂ ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುವ ಅಭ್ಯಾಸ ನನ್ನದು, ಸಹಿಸಿಕೊಳ್ಳಿ.

ನಾನು ಪೀಣ್ಯದ ಒಂದು ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಇನ್‌ಸ್ಪೆಕ್ಷನ್ ವಿಭಾಗದವನು. ಕರಗಿದ ಉಕ್ಕು ಅಚ್ಚಿನೊಳಗೆ ಗಟ್ಟಿಯಾಗಿ ಹೊರಬಂದ ಮೇಲೆ ಅದನ್ನು ಅಳೆದು, ತಟ್ಟಿ, ದನಿ ಕೇಳಿ, ಸರಿಯಿದ್ದರೆ ಸಹಿ ಹಾಕುತ್ತೇನೆ. ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡಿಸುತ್ತೇನೆ. ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ. ಅಳೆಯದೆ ಒಂದು ತುಂಡಿಗೂ ಸಹಿ ಹಾಕಿದವನಲ್ಲ. ಈ ಚಾಳಿ ಕಾರ್ಖಾನೆಯ ಗೇಟಿನಲ್ಲಿ ನಿಲ್ಲದೆ ಮನೆಗೂ ಬಂದಿದೆ. ನಾನು ಬರುವುದು ಕಂಡರೆ ತರಕಾರಿಯವನು ಟೊಮೇಟೊ ಬುಟ್ಟಿಯ ಮೇಲೆ ಗೋಣಿ ಎಳೆಯುತ್ತಾನೆ. ನನ್ನ ಹೆಂಡತಿ ಶೈಲಾ ಹತ್ತಿರದ ಶಾಲೆಯಲ್ಲಿ ಗಣಿತದ ಟೀಚರು. ಇಬ್ಬರೂ ದಾವಣಗೆರೆಯ ಕಡೆಯವರು. ಮಂಡಕ್ಕಿ ನಮ್ಮ ಫೌಂಡ್ರಿಯ ಮರಳಿನ ರಾಶಿಯ ಮೇಲೆ ಕುಂಯ್‌ಗುಡುತ್ತಾ ಸಿಕ್ಕ ಬೀದಿ ಮರಿ. ಬಿಳಿ ಮೈ, ಅಲ್ಲಲ್ಲಿ ಅರಿಸಿನದ ಚುಕ್ಕೆ. ದಾವಣಗೆರೆಯವರ ಮನೆಗೆ ಬಂದ ಮೇಲೆ ಅದಕ್ಕೆ ಬೇರೆ ಹೆಸರಿಡಲು ಸಾಧ್ಯವೇ ಇರಲಿಲ್ಲ.

ಶೈಲಾಗೂ ನನಗೂ ಬೆಟ್ಟದ ಹುಚ್ಚು. ಆರು ದಿನ ಹೊಗೆ ಕುಡಿದವನಿಗೆ ಏಳನೆಯ ದಿನ ಎತ್ತರದಲ್ಲಿ ನಿಂತು ಗಾಳಿ ಕುಡಿಯಬೇಕೆನ್ನಿಸುವುದು ಸಹಜ. ಆದರೆ ಮಂಡಕ್ಕಿ ಬಂದ ಮೇಲೆ ಒಂದು ತೊಡಕಾಯಿತು. ಬಿಟ್ಟು ಹೋದರೆ ಅನ್ನ ಮುಟ್ಟುವುದಿಲ್ಲ, ಕರೆದುಕೊಂಡು ಹೋದರೆ ಬೆಟ್ಟದವರು ಒಳಗೆ ಬಿಡುವುದಿಲ್ಲ. ಹಾಗಾಗಿ ನಾವು ಸರದಿ ಹಚ್ಚಿಕೊಂಡೆವು. ಅವಳು ಹತ್ತುವಾಗ ನಾನು ಕೆಳಗೆ ನಾಯಿಯ ಜೊತೆ; ಅವಳು ಇಳಿದ ಮೇಲೆ ನಾನು ಮೇಲಕ್ಕೆ, ಅವಳು ನಾಯಿಯ ಜೊತೆ. ಎಷ್ಟೋ ಬೆಟ್ಟಗಳನ್ನು ಹೀಗೆ ಹತ್ತಿದ್ದೇವೆ, ಒಂದನ್ನೂ ಜೊತೆಗೆ ಹತ್ತಿಲ್ಲ. ನಮ್ಮ ಫೋಟೋಗಳನ್ನು ನೋಡಿದವರು ಗಂಡ ಹೆಂಡತಿಗೆ ಮಾತು ಬಿಟ್ಟಿರಬೇಕು ಅಂದುಕೊಳ್ಳುತ್ತಾರೆ.

ಎರಡು ವರ್ಷದ ಹಿಂದೆ ಡಾಕ್ಟರು ಶೈಲಾಳ ಮಂಡಿಯ ಎಕ್ಸ್‌ರೇ ನೋಡಿ, ಸವೆದಿದೆ, ಇನ್ನು ಹತ್ತಿ ಇಳಿಯುವುದನ್ನು ನಿಲ್ಲಿಸಬೇಕು ಎಂದರು. ಮನೆಯ ಗೇಟಿನ ಹತ್ತಿರ ಆಟೋ ಇಳಿಯುತ್ತಾ ಶೈಲಾ ಹೇಳಿದಳು.

"ನಿಲ್ಲಿಸ್ತೀನಿ ಬಿಡ್ರಿ. ಆದ್ರ ಅದಕ್ಕೂ ಮೊದ್ಲು ಒಂದೇ ಒಂದ್ಸಲ ಮೂರೂ ಮಂದಿ ಕೂಡೇ ಬೆಟ್ಟದ ಮ್ಯಾಲೆ ನಿಂತ್ಕಬೇಕು. ನಾಯಿಗೆ ಬ್ಯಾಡ ಅನ್ನದ ಬೆಟ್ಟ ಎಲ್ಲೈತಿ ಹುಡುಕ್ರಿ. ನಿಮ್ಗ ಹುಡುಕದು ಬರ್ತೈತಲ್ಲ."

ದಸರಾ ರಜೆಯಲ್ಲಿ ಮೂರು ದಿನ ಹಳ್ಳಿಯ ಕಡೆ ಉಳಿದುಬರುವುದೆಂದು ತೀರ್ಮಾನವಾಯಿತು. ಬೆಟ್ಟ ಆರಿಸುವ ಕೆಲಸ ನನ್ನದು. ಫೌಂಡ್ರಿಯಲ್ಲಿ ತುಂಡುಗಳನ್ನು ಪರೀಕ್ಷಿಸುವ ಫಾರ್ಮನ್ನೇ ತೆಗೆದುಕೊಂಡು ಮೇಲೆ 'ಬೆಟ್ಟ' ಎಂದು ಬರೆದೆ. ಎಡಗಡೆ ಹೆಸರು, ಬಲಗಡೆ ತಿರಸ್ಕಾರಕ್ಕೆ ಕಾರಣ. ಮೇಲೆ ಗುಡಿ ಇದೆಯೇ? ಇದ್ದರೆ ರಿಜೆಕ್ಟ್, ದೇವರ ಮುಂದೆ ನಾಯಿಯನ್ನು ಬಿಡುವುದಿಲ್ಲ. ಅರಣ್ಯ ಇಲಾಖೆಯ ಟಿಕೆಟ್ ಕೌಂಟರ್ ಇದೆಯೇ? ರಿಜೆಕ್ಟ್. ಕೋತಿಗಳಿವೆಯೇ? ಮಂಡಕ್ಕಿಗೂ ಕೋತಿಗೂ ಜನ್ಮಾಂತರದ ದ್ವೇಷ, ರಿಜೆಕ್ಟ್. ಜನ ಜಾಸ್ತಿ ಬಂದು ಬಾಟಲಿ ಒಡೆಯುವ ಜಾಗವೇ? ನಾಯಿಯ ಅಂಗಾಲಿಗೆ ಆಗದು, ರಿಜೆಕ್ಟ್.

ಸಂಜೆಯೆಲ್ಲ ಕೂತು ಫೋನು ಮಾಡಿದೆ. ಒಬ್ಬರು, "ಸಣ್ಣ ನಾಯಾದ್ರೆ ಬ್ಯಾಗಲ್ಲಿ ಹಾಕ್ಕೊಂಡ್ ಬನ್ನಿ ಸಾರ್, ನೋಡ್ದಂಗೆ ಇರ್ತೀವಿ" ಎಂದರು. ಇನ್ನೊಬ್ಬರು, ನಾಯಿಗೆ ಮೆಟ್ಟಿಲಿನವರೆಗೆ ಮಾತ್ರ ಅವಕಾಶ, ಆಮೇಲೆ ಚಪ್ಪಲಿ ಸ್ಟ್ಯಾಂಡಿನಲ್ಲಿ ಟೋಕನ್ ಕೊಟ್ಟು ಕಟ್ಟಿಹಾಕುತ್ತೇವೆ ಎಂದರು. ಮಂಡಕ್ಕಿಯನ್ನು ಟೋಕನ್ ಕೊಟ್ಟು ಬಿಡಿಸಿಕೊಳ್ಳುವ ದೃಶ್ಯ ನೆನೆದು ಶೈಲಾ ಬಿದ್ದು ಬಿದ್ದು ನಕ್ಕಳು. ಮೂವತ್ತಕ್ಕೂ ಹೆಚ್ಚು ಹೆಸರು ಬರೆದಿದ್ದೆ. ಒಂದೊಂದಾಗಿ ಹೊಡೆದು ಹಾಕುತ್ತಾ ಹೋದೆ. ನಮ್ಮ ನಾಡಿನಲ್ಲಿ ಎತ್ತರದ ಒಂದು ಕಲ್ಲು ಕಂಡರೆ ಅಲ್ಲೊಂದು ದೇವರು ಇರಲೇಬೇಕೆಂಬುದು ನಾಯಿ ಸಾಕಿದ ಮೇಲೆಯೇ ನನಗೆ ತಿಳಿದದ್ದು.

ಕೊನೆಗೆ ಒಂದೇ ಒಂದು ಉಳಿಯಿತು. ಆಡುಬಂಡೆ. ತುಮಕೂರು ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಪುಟ್ಟ ಬೆಟ್ಟ. ಊರ ಹೆಸರು ಬೇಡ. ಗುಡಿ ಇಲ್ಲ, ಕೌಂಟರ್ ಇಲ್ಲ, ಕೋತಿ ಇಲ್ಲ, ಅದರ ಬಗ್ಗೆ ಒಂದು ಸಾಲು ಬರೆದವರೂ ಇಲ್ಲ. ಫೋನಿನ ಮ್ಯಾಪಿನಲ್ಲಿ ಆಕಾಶದಿಂದ ತೆಗೆದ ಚಿತ್ರ ನೋಡಿದೆ. ಗುಂಡಗಿನ ಬಂಡೆ, ನೆತ್ತಿಯಲ್ಲಿ ಕುರುಚಲು ಹಸಿರು, ಒಂದು ಕಡೆ ಕೆರೆಯಂಥ ನೀರು. ಎಲ್ಲ ಸಾಲಿನಲ್ಲೂ ಸರಿ ಗುರುತು ಬಿದ್ದ ಮೊದಲ ತುಂಡು ಅದು. ಹೆಮ್ಮೆಯಿಂದ ಸಹಿ ಹಾಕಿದೆ. ತಮಾಷೆಗಲ್ಲ, ನಿಜವಾಗಿಯೂ ಕೆಳಗೆ ಸಹಿ ಹಾಕಿ ಫಾರ್ಮನ್ನು ಶೈಲಾಳ ಕೈಗೆ ಕೊಟ್ಟೆ.

ನಾವು ಉಳಿದದ್ದು ಅಲ್ಲಿಂದ ಹತ್ತು ಹದಿನೈದು ಕಿಲೋಮೀಟರ್ ದೂರದ ಒಂದು ತೋಟದ ಮನೆಯಲ್ಲಿ. ಮನೆಯ ಯಜಮಾನರಿಗೆ ಆಡುಬಂಡೆ ಎಂದರೆ, "ಅಲ್ಲೇನೈತೆ ಸಾರ್? ಚಿಕ್ಕುಡುಗ್ರಾಗಿದ್ದಾಗ ಅತ್ತಿದ್ದು, ಆಮೇಲ್ ಆ ಕಡೀಕೆ ಓಗೇ ಇಲ್ಲ" ಎಂದರು. ನನಗೆ ಇನ್ನೂ ಖುಷಿಯಾಯಿತು. ಯಾರೂ ಹೋಗದ ಜಾಗ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೇ?

ಮರುದಿನ ಬೆಳಿಗ್ಗೆ ಹೊರಟೆವು. ಆ ದಾರಿಯಲ್ಲಿ ನಾನು ನೋಡಿಯೂ ನೋಡದೆ ಬಿಟ್ಟದ್ದನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ. ಎದುರಿನಿಂದ ಮೂರು ಟಿಪ್ಪರ್ ಬಂದವು. ಎಲ್ಲೋ ರಸ್ತೆ ಕೆಲಸ ಇರಬೇಕು ಅಂದುಕೊಂಡೆ. ಬೇಲಿಯ ಎಲೆಗಳೆಲ್ಲ ಬೆಳ್ಳಗಿದ್ದವು. "ಇಬ್ಬನಿ ನೋಡ್ರಿ ಎಷ್ಟು ಚಂದ" ಎಂದಳು ಶೈಲಾ. ಬಿಸಿಲು ಏರಿದ ಮೇಲೆ ಎಂಥ ಇಬ್ಬನಿ? ಎರಕದಲ್ಲಿ ಕೂದಲಷ್ಟು ಬಿರುಕಿದ್ದರೂ ಹಿಡಿಯುತ್ತೇನೆಂದು ಜಂಬ ಪಡುವ ನಾನು, ಒಂದು ಊರಿನ ಮೇಲೆ ಬಿದ್ದಿದ್ದ ಕಲ್ಲಿನ ಹುಡಿಯನ್ನು ಇಬ್ಬನಿ ಎಂದು ಒಪ್ಪಿಕೊಂಡೆ.

ಬೆಟ್ಟ ಮಾತ್ರ ಎದುರಿಗೆ ಕಂಡಾಗ ಮ್ಯಾಪಿನ ಚಿತ್ರದ ಹಾಗೆಯೇ ಇತ್ತು. ಬುಡದಲ್ಲಿ ಕಾರು ನಿಲ್ಲಿಸಿ ಮಂಡಕ್ಕಿಯ ಕೊರಳ ಹಗ್ಗ ಬಿಚ್ಚಿದೆವು. ನಮ್ಮ ಮನೆಗೆ ಬಂದಂದಿನಿಂದ ಆ ನಾಯಿ ಹಗ್ಗವಿಲ್ಲದೆ ಹೊರಗೆ ಓಡಿದ್ದು ಅದೇ ಮೊದಲು. ಮೊದಲು ನಮ್ಮ ಮುಖ ನೋಡಿದಳು, ಆಮೇಲೆ ಹುಲ್ಲು ಹಾರಿಸಿಕೊಂಡು ಬಂಡೆ ಏರಿ ಓಡಿದಳು. ಶೈಲಾ ಕೋಲೂರಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು, ಮಂಡಿ ನೀವಿಕೊಳ್ಳುತ್ತಾ ಹತ್ತಿದಳು. ನಾನು ಹಿಂದೆಯೇ ಇದ್ದೆ. ಆಡುಗಳ ಹಿಕ್ಕೆ ಬಿಟ್ಟರೆ ಜೀವದ ಗುರುತಿರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ನೆತ್ತಿಗೆ ಬಂದೆವು. ಮಂಡಕ್ಕಿ ಒಂದಿಷ್ಟು ಮುಂದೆ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿ, ಮುಂದಕ್ಕೆ ನೋಡುತ್ತಾ ಗುರುಗುಡುತ್ತಿದ್ದಳು.

"ಓತಿಕ್ಯಾತ ಇರಬೇಕು" ಎಂದು ನಾನು ನಗುತ್ತಾ ಅವಳನ್ನು ದಾಟಿ ಎರಡು ಹೆಜ್ಜೆ ಇಟ್ಟೆ.

ಮೂರನೆಯ ಹೆಜ್ಜೆಗೆ ನೆಲ ಇರಲಿಲ್ಲ.

ಹೇಗೆ ಹೇಳಲಿ? ಬೆಟ್ಟ ಅಲ್ಲಿಗೇ ಮುಗಿದಿತ್ತು. ಇಳಿಜಾರು ಇಲ್ಲ, ಕಣಿವೆ ಇಲ್ಲ. ಚಾಕು ಹಾಕಿ ಕೊಯ್ದ ಬೆಲ್ಲದಚ್ಚಿನ ಹಾಗೆ ನೇರ ಕೆಳಕ್ಕೆ. ನಾವು ಹತ್ತಿದ ಮುಖ ಇಡಿಯಾಗಿತ್ತು, ಬೆನ್ನು ಇರಲೇ ಇಲ್ಲ. ಬಹಳ ಆಳದಲ್ಲಿ ಹಳದಿ ಯಂತ್ರಗಳು ಹರಿದಾಡುತ್ತಿದ್ದವು. ಮ್ಯಾಪಿನಲ್ಲಿ ನಾನು ಕೆರೆ ಎಂದುಕೊಂಡದ್ದು ಇದೇ ಹೊಂಡದ ಶುರು ಇರಬೇಕು. ಈಗ ಅದು ಬೆಟ್ಟದ ಅರ್ಧವನ್ನು ನುಂಗಿತ್ತು. ಹಿಂದಕ್ಕೆ ಬರಬೇಕೆಂಬುದು ಗೊತ್ತು, ಬರಲಾಗುತ್ತಿಲ್ಲ. ಶೈಲಾ ಬಂದು ನನ್ನ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡಳು. ಮಂಡಕ್ಕಿ ತೆವಳಿಕೊಂಡು ಬಂದು ನಮ್ಮಿಬ್ಬರ ಕಾಲಿನ ನಡುವೆ ಸೇರಿಕೊಂಡಳು. ಒಂದು ನಿಮಿಷ ಹಾಗೇ ನಿಂತಿದ್ದೆವೋ ಏನೋ.

ಆಗ ಕೆಳಗೆ ಸೈರನ್ ಕೂಗಿತು. ಅದರ ಹಿಂದೆಯೇ ಪೊದೆಯ ಕಡೆಯಿಂದ ಒಬ್ಬ ಮುದುಕ ಕೆಂಪು ಬಾವುಟ ಬೀಸುತ್ತಾ, ಬಾಯಿ ಬಡಿದುಕೊಳ್ಳುತ್ತಾ ಓಡಿ ಬಂದ.

"ಯಾರ್ ಸಾ ನಿಮ್ಮುನ್ನ ಇಲ್ಲಿಗತ್ತಸಿದ್ದು? ಮದ್ದಿಗ್ ಬೆಂಕಿ ಮಡಗ್ತಾವ್ರೆ! ಇಂದಕ್ ಬನ್ನಿ! ಮನೀಕಳಿ, ಮನೀಕಳಿ!"

ಒಂದು ದೊಡ್ಡ ಗುಂಡುಕಲ್ಲಿನ ಹಿಂದೆ ನಮ್ಮನ್ನು ಎಳೆದು ಕೆಡವಿದ. ಶೈಲಾ ಮಂಡಕ್ಕಿಯನ್ನು ತಬ್ಬಿಕೊಂಡು ಮುಖ ನೆಲಕ್ಕಿಟ್ಟಳು. ಸದ್ದು ಕಿವಿಗೆ ಬರುವ ಮೊದಲು ಎದೆಗೆ ಬಂತು. ಇಡೀ ಬೆಟ್ಟ ನಮ್ಮ ಕೆಳಗೆ ಎದ್ದು ಕೂತ ಹಾಗಾಯಿತು. ಸಣ್ಣ ಕಲ್ಲುಗಳು ಮಳೆಯಂತೆ ಬಿದ್ದವು. ಹೊಗೆ, ಹುಡಿ, ಆ ಚುಚ್ಚುವ ವಾಸನೆ. ಕಣ್ಣು ಬಿಟ್ಟಾಗ ಶೈಲಾಳ ತೋಳು ಖಾಲಿಯಿತ್ತು.

"ಮಂಡಕ್ಕೀ!" ಎಂದು ಅವಳು ಕೂಗಿದ ದನಿ ನನಗೆ ಇವತ್ತಿಗೂ ಕೇಳಿಸುತ್ತದೆ. ನಾನು ಹೊಂಡದ ಅಂಚಿಗೆ ಮೊಣಕಾಲಲ್ಲಿ ಹೋಗಿ ಬಗ್ಗಿ ನೋಡಿದೆ. ಹುಡಿ ಬಿಟ್ಟರೆ ಏನೂ ಕಾಣಲಿಲ್ಲ. ನಾಯಿಗೆ ಒಳ್ಳೆಯ ಬೆಟ್ಟ ಎಂದು ಸಹಿ ಹಾಕಿ ಕರೆತಂದವನು ನಾನು.

ಒಂದು ಗಂಟೆ ಹುಡುಕಿದೆವು. ಆ ಮುದುಕನ ಹೆಸರು ಮುನಿಯಪ್ಪ. ಮೊದಲು ಆ ಬೆಟ್ಟದ ಮೇಲೆ ಆಡು ಮೇಯಿಸುತ್ತಿದ್ದವನು, ಈಗ ಸಿಡಿಮದ್ದಿನ ಹೊತ್ತಿಗೆ ಜನ ಬಾರದಂತೆ ಬಾವುಟ ಹಿಡಿಯುವ ಕೂಲಿ. ನಾವು ಗಂಟಲು ಹರಿಯುವಂತೆ ಕೂಗುತ್ತಿದ್ದರೆ, "ನೀವ್ ಅಂಗ್ ಕೂಗುದ್ರೆ ಬತ್ತದಾ ಸಾ? ಎದ್ರುಕೊಂಡೈತೆ. ಸುಮ್ಕಿರಿ" ಎಂದು ಗದರಿ, ಕಲ್ಲುಗಳ ಸಂದಿಗಳ ಮುಂದೆ ಒಂದೊಂದಾಗಿ ಕೂತು ನಾಲಗೆಯಿಂದ ಲೊಚ ಲೊಚ ಸದ್ದು ಮಾಡುತ್ತಾ ಹೋದ. ಐದನೆಯದೋ ಆರನೆಯದೋ ಸಂದಿಯಲ್ಲಿ ಎರಡು ಕಣ್ಣು ಹೊಳೆದವು. ಮಳೆ ಬಂದರೆ ಅವನ ಆಡುಗಳು ನಿಲ್ಲುತ್ತಿದ್ದ ಸಂದಿಯಂತೆ ಅದು. ಶೈಲಾ ಮಂಡಿನೋವು ಮರೆತು ಅದರೊಳಕ್ಕೆ ಅರ್ಧ ನುಗ್ಗಿ ಮಂಡಕ್ಕಿಯನ್ನು ಎಳೆದುಕೊಂಡಳು. ಇಬ್ಬರೂ ನಡುಗುತ್ತಿದ್ದರು. ನಾನೂ ಕೂತು ಅತ್ತೆ. ಐವತ್ತು ದಾಟಿದ ಗಂಡಸು ಗುರುತಿಲ್ಲದವನ ಎದುರಿಗೆ ಮೂಗು ಸೋರಿಸಿಕೊಂಡು ಅತ್ತ ಎಂದು ಬರೆಯಲು ನಾಚಿಕೆಯೇನಿಲ್ಲ.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಮುನಿಯಪ್ಪನನ್ನು ಕೇಳಿದೆ, ಇಂಥ ಬೆಟ್ಟವನ್ನು ಹೀಗೆ ಕಡಿಯುವಾಗ ಯಾರೂ ಅಡ್ಡ ಬರಲಿಲ್ಲವೇ ಎಂದು.

"ಯಾರ್ ಬತ್ತಾರೆ ಸಾ? ಆ ಕಡೆ ಬೆಟ್ಟದಾಗೆ ರಂಗಪ್ಪ ಅವ್ನೆ, ಮುಟ್ಟಂಗಿಲ್ಲ. ಈ ಕಡೇದು ಫಾರೆಸ್ಟ್‌ನೋರ್ದು, ಮುಟ್ಟಂಗಿಲ್ಲ. ಇದುಕ್ಕೆ ದೇವ್ರೂ ಇಲ್ಲ, ದಿಂಡ್ರೂ ಇಲ್ಲ. ನನ್ ಆಡು ಬುಟ್ರೆ ಒಂದ್ ನರಪಿಳ್ಳೆ ಬತ್ತಿರ್ಲಿಲ್ಲ. ಅದುಕ್ಕೇ ಇದುನ್ನೇ ಆರುಸ್ಕೊಂಡ್ರು."

ದೇವರಿಲ್ಲ, ಇಲಾಖೆಯಿಲ್ಲ, ಜನವಿಲ್ಲ. ಕಲ್ಲು ಬೇಕಾದವರು ಮಾಡಿದ ಪಟ್ಟಿಯೂ ನಾನು ಮಾಡಿದ ಪಟ್ಟಿಯೂ ಒಂದೇ ಆಗಿತ್ತು. ಮಂಡಕ್ಕಿಗೆ ಬೇಡ ಎನ್ನುವವರು ಇಲ್ಲದ ಬೆಟ್ಟ ಎಂದರೆ ಯಾರಿಗೂ ಬೇಡ ಎನ್ನುವವರು ಇಲ್ಲದ ಬೆಟ್ಟ ಎಂಬುದು ಅಷ್ಟು ದಿನ ಫೋನು ಹಿಡಿದು ಕೂತ ನನ್ನ ತಲೆಗೆ ಹೊಳೆದಿರಲಿಲ್ಲ. ಬರೆದ ಸಾಲುಗಳಿಗೇನು ಕಡಿಮೆಯಿರಲಿಲ್ಲ. ಬೆಟ್ಟ ಇದೆಯೇ ಎಂಬ ಸಾಲೊಂದೇ ನನ್ನ ಫಾರ್ಮಿನಲ್ಲಿ ಇರಲಿಲ್ಲ.

ಆಘಾತ ಅಲ್ಲಿಗೆ ಮುಗಿಯಬಹುದಿತ್ತು. ಹತ್ತಿದ ದಾರಿಯಲ್ಲಿ ಕಲ್ಲು ಸಡಿಲಾಗಿವೆಯೆಂದು ಮುನಿಯಪ್ಪ ನಮ್ಮನ್ನು ಕ್ರಷರಿನ ಅಂಗಳದ ಮೂಲಕ ಇಳಿಸಿದ. ಕ್ರಷರ್ ಎಂದರೆ ಬಂಡೆಯನ್ನು ಜಲ್ಲಿ ಮಾಡುವ ಯಂತ್ರ. ಅದರ ಬಾಯಿಯಲ್ಲಿ ಎರಡು ದಪ್ಪ ಉಕ್ಕಿನ ಹಲಗೆಗಳಿರುತ್ತವೆ, ನಮ್ಮ ದವಡೆಯ ಹಾಗೆ. ಅವು ಕಲ್ಲನ್ನು ಅಗಿಯುತ್ತವೆ. ಸವೆದ ಹಲಗೆಗಳನ್ನು ಬೇಲಿಯ ಪಕ್ಕ ಒಟ್ಟಿದ್ದರು. ಶೈಲಾ ನಿಂತಳು.

"ರೀ, ಇದು ನಿಮ್ ಫೌಂಡ್ರಿ ಹೆಸರಲ್ಲೇನ್ರೀ?"

ಹೌದು. ನಾನು ಇಷ್ಟು ಹೊತ್ತು ನಿಮಗೆ ಹೇಳದೆ ಉಳಿಸಿಕೊಂಡಿದ್ದೆ, ಅವಳಿಗೂ ಬಿಡಿಸಿ ಹೇಳಿರಲಿಲ್ಲ. ನಮ್ಮ ಫೌಂಡ್ರಿಯಲ್ಲಿ ಹೆಚ್ಚಾಗಿ ತಯಾರಾಗುವುದು ಈ ದವಡೆ ಹಲಗೆಗಳೇ. ಮ್ಯಾಂಗನೀಸ್ ಬೆರೆಸಿದ ಉಕ್ಕು. ಹೊಡೆದಷ್ಟೂ ಗಟ್ಟಿಯಾಗುವ ಜಾತಿ. ಅವು ಬೇರೆಯವರ ಹಲಗೆಗಿಂತ ಹೆಚ್ಚು ದಿನ ಬಾಳುತ್ತವೆ ಎಂದು ಗಿರಾಕಿಗಳು ಹೊಗಳಿದಾಗ ಯಜಮಾನರು ನನ್ನ ಬೆನ್ನು ತಟ್ಟುತ್ತಿದ್ದರು. ಅವು ಏನನ್ನು ಅಗಿಯುತ್ತವೆ ಎಂದು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನೋಡಲು ಹೋಗಿರಲಿಲ್ಲ. ಜಲ್ಲಿ, ಅಷ್ಟೇ ಎಂದುಕೊಂಡಿದ್ದೆ. ಜಲ್ಲಿ ಎಂಬುದು ಮೊದಲು ಎಲ್ಲೋ ಎದ್ದು ನಿಂತಿರುತ್ತದೆ ಎಂದು ನಮಗೆ ಯಾರು ಹೇಳುತ್ತಾರೆ?

ಉಳಿದ ರಜೆ ಬಿಟ್ಟು ಅವತ್ತೇ ಮನೆಗೆ ಬಂದೆವು. ಕೆಲಸ ಬಿಟ್ಟೆನೇ ಎಂದು ಕೇಳುತ್ತೀರಾ? ಬಿಡಲಿಲ್ಲ. ಮನೆಯ ಸಾಲವಿದೆ, ಬೇರೆ ವಿದ್ಯೆ ಬರುವುದಿಲ್ಲ, ನಾನಿರುವ ಅಪಾರ್ಟ್‌ಮೆಂಟೂ ಜಲ್ಲಿಯದೇ. ಸೋಮವಾರ ಹೋಗಿ ಹಲಗೆ ತಟ್ಟಿ ಸಹಿ ಹಾಕಿದೆ. ಸಹಿ ಮಾತ್ರ ನನ್ನದಲ್ಲವೆಂಬ ಹಾಗೆ ಬಂತು.

ಒಂದು ವಾರ ಕಳೆದಿರಬಹುದು. ನನ್ನ ಮುಂದೆ ಚಹಾ ಇಟ್ಟು ಶೈಲಾ ಕೇಳಿದಳು.

"ದೇವ್ರಿಲ್ಲ ಅಂತಲ್ಲೇನ್ರೀ ಅದು ಹೋಗಿದ್ದು? ಉಳಿದ ಅರ್ಧಕ್ಕ ಈಗ ಇಟ್ರಾತಲ್ಲ."

"ದೇವರನ್ನ ಇಡೋದಾ? ನಾವಾ?"

"ಎಲ್ಲಾ ದೇವ್ರೂ ಯಾರೋ ಇಟ್ಟಿದ್ದೇ ಅಲ್ಲೇನು?"

ಇಷ್ಟಲಿಂಗ ಕೊರಳಲ್ಲಿ ಕಟ್ಟಿಕೊಂಡ ಮನೆತನ ನಮ್ಮದು. ನಮಗೆ ಗುಡಿಯ ಹಂಗಿಲ್ಲ ಎಂದು ನನ್ನ ತಂದೆ ಸಾಯುವ ತನಕ ಹೇಳುತ್ತಿದ್ದರು. ಬೆಟ್ಟದ ಮೇಲೆ ದೇವರನ್ನು ಹುಟ್ಟಿಸಲು ಹೊರಟ ಮಗನನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ. ಆದರೆ ಗಣಿತದ ಟೀಚರು ಲೆಕ್ಕ ಬಿಡಿಸಿದ ಮೇಲೆ ತಪ್ಪು ಹುಡುಕುವುದು ಕಷ್ಟ.

ಸವೆದ ಹಲಗೆಗಳನ್ನು ಗಿರಾಕಿಗಳಿಂದ ವಾಪಸು ತರಿಸಿ ಕರಗಿಸುವುದು ನಮ್ಮಲ್ಲಿ ರೂಢಿ. ಆ ಕ್ರಷರಿನ ಹಲಗೆಗಳೂ ಬಂದವು. ಯಜಮಾನರಿಗೆ, ಒಂದು ಹಳ್ಳಿಗೆ ಬಸವಣ್ಣನನ್ನು ಎರಕ ಹೊಯ್ದು ಕೊಡಬೇಕೆಂದು ಹರಕೆ ಹೊತ್ತಿದ್ದೇನೆ ಎಂದೆ. ಯಾವ ಹಳ್ಳಿ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ದೇವರ ಕೆಲಸಕ್ಕೆ ಬೇಡ ಎನ್ನುವ ಯಜಮಾನ ಪೀಣ್ಯದಲ್ಲಿ ಎಲ್ಲಿದ್ದಾನೆ? ಅವರೇ ಬಂದು ಕುಲುಮೆಗೆ ಕುಂಕುಮ ಹಚ್ಚಿ ಕೈ ಮುಗಿದರು. ಮರದ ಅಚ್ಚು ಮಾಡುವ ನಮ್ಮ ಆಚಾರ್ರು ಮೊಣಕಾಲೆತ್ತರದ, ಕಾಲು ಮಡಿಸಿ ಕೂತ ಬಸವಣ್ಣನನ್ನು ಕೆತ್ತಿದ್ದರು. ಎರಕ ಹೊಯ್ದು, ಮತ್ತೆ ಕೆಂಪಗೆ ಕಾಯಿಸಿ, ಒಮ್ಮೆಲೇ ನೀರಿಗೆ ಇಳಿಸಿದಾಗ ಬಸವಣ್ಣ ಬುಸುಗುಟ್ಟಿದ. ತಟ್ಟಿ ನೋಡಿದೆ. ದನಿ ಸರಿಯಿತ್ತು.

ಫೋನಿನಲ್ಲಿ ವಿಷಯ ಕೇಳಿದ ಮುನಿಯಪ್ಪ, "ಕಬ್ಬುಣದ್ ಬಸ್ವಣ್ಣನಾ ಸಾ?" ಎಂದ.

"ನಿನ್ನ ಬಾವುಟದ ಕೂಲಿ ಹೋಗಬಹುದು ಮುನಿಯಪ್ಪ, ಯೋಚನೆ ಮಾಡು" ಎಂದೆ.

"ಓದ್ರೆ ಓಗ್ಲಿ ಬುಡಿ. ನಾಕ್ ಆಡು ಮಡಗೀವ್ನಿ. ಅವುಕ್ಕೆ ನಿಂತ್ಕಳಾಕೆ ಒಂದ್ ಜಾಗ ಬ್ಯಾಡ್ವಾ?"

ಒಂದು ಸೋಮವಾರ ಬೆಳಗಿನ ಜಾವ ಅವನೂ ಅವನ ಇಬ್ಬರು ಅಳಿಯಂದಿರೂ ನಾನೂ ಸೇರಿ ಬಸವಣ್ಣನನ್ನು ಹೊತ್ತು, ಕಡಿದ ಅಂಚಿನಿಂದ ಹತ್ತು ಮಾರು ಈಚೆಗೆ ಕೂರಿಸಿದೆವು. ಮೈಗೆಲ್ಲ ಎಣ್ಣೆ, ಇಜ್ಜಲು ಬಳಿದೆವು. ಶೈಲಾ ಮಂಡಕ್ಕಿಯ ಜೊತೆ ಕಾರಿನಲ್ಲಿದ್ದಳು. ಅವಳ ಮಂಡಿ ಆ ಸಂದಿಗೆ ನುಗ್ಗಿದ ದಿನದಿಂದ ಸಂಪೂರ್ಣ ಕೈಕೊಟ್ಟಿತ್ತು. ಮಂಡಕ್ಕಿಯಂತೂ ಕಾರಿನ ಸೀಟಿನ ಕೆಳಗಿಂದ ಹೊರಬರಲಿಲ್ಲ.

ಆಮೇಲೆ ನಡೆದದ್ದಕ್ಕೆ ನಾನು ಕಾರಣನೋ ಅಲ್ಲವೋ ಗೊತ್ತಿಲ್ಲ. ತಿಂಗಳೊಪ್ಪತ್ತಿನಲ್ಲಿ ಬೆಟ್ಟ ಕಡಿಯುವ ಕೆಲಸ ನಿಂತಿತು. ಲೈಸೆನ್ಸು ಮುಗಿದಿತ್ತು ಎಂದರು ಕೆಲವರು. ಊರವರು ಬೆಟ್ಟದ ಮೇಲೆ ಭಜನೆಗೆ ಕೂತರು, ಅದಕ್ಕೆ ಎಂದರು ಇನ್ನು ಕೆಲವರು. ಮುನಿಯಪ್ಪ ಬಸವಣ್ಣ ಎಂದ. ಅದಾದ ಮೇಲೆ ಅವನ ಫೋನು ಸತ್ತಿತು. ಹೋದ ವರ್ಷ ಅವನೂ ಹೋದ ಎಂದು ಅಳಿಯ ತಿಳಿಸಿದ. ಎಲ್ಲಿಂದ ಬಂದ ಬಸವಣ್ಣ ಎಂಬುದನ್ನು ಊರಿನಲ್ಲಿ ಯಾರಿಗೂ ಹೇಳಬೇಡಿ ಎಂದು ಮಾವ ಆಣೆ ಹಾಕಿಸಿಕೊಂಡಿದ್ದ ಎಂದೂ ಹೇಳಿದ.

ಜಲ್ಲಿಯ ರಾಶಿಯ ಎದುರು ಮಂಡಕ್ಕಿ ನಡುಗಿದ್ದನ್ನು ಕೇಳಿ ಶೈಲಾ, ಒಮ್ಮೆ ಅಲ್ಲಿಗೆ ಹೋಗಿ ಬರೋಣ ಎಂದಳು. ಮೊನ್ನೆ ಭಾನುವಾರ ಹೋದೆವು. ಎಲೆಗಳು ಹಸಿರಾಗಿದ್ದವು. ಬೆಟ್ಟದ ಬುಡದಲ್ಲಿ ಕಬ್ಬಿಣದ ಗೇಟು, ಪಕ್ಕದಲ್ಲಿ ಹಣ್ಣುಕಾಯಿ ಅಂಗಡಿ. ಗೇಟಿನ ಮೇಲೆ ಬೋರ್ಡು: ಶ್ರೀ ಆಡುಬಂಡೆ ಬಸವೇಶ್ವರಸ್ವಾಮಿ. ಅದರ ಕೆಳಗೆ ಕೆಂಪಕ್ಷರದಲ್ಲಿ, ನಾಯಿಗಳಿಗೆ ಪ್ರವೇಶವಿಲ್ಲ.

ಹೆಗಲ ಮೇಲೆ ಟವೆಲು ಹಾಕಿದ್ದ ಹಿರಿಯರೊಬ್ಬರು ಎದ್ದು ಬಂದರು. "ನಾಯಿ ಬ್ಯಾಡಿ ಸಾ. ದೇವ್ರ್ ಬೆಟ್ಟ ಇದು."

ಶೈಲಾ ಕೆಂಡವಾದಳು. ನನ್ನ ತೋಳು ತಿವಿದು, "ಹೇಳ್ರಿ ಅವ್ರಿಗೆ! ಯಾರು ನೀವು ಅಂತ ಹೇಳ್ರಿ!" ಎಂದು ಪಿಸುಗುಟ್ಟಿದಳು. ನಾನು ಬಾಯಿ ತೆರೆದೆ. ಒಂದು ಮಾತು ಆಡಿದ್ದರೆ ಗೇಟು ತೆಗೆಯುತ್ತಿದ್ದರೋ ಏನೋ. ಆದರೆ ಆ ಮಾತು ಆಡಿದ ಗಳಿಗೆಯಲ್ಲಿ ಮೇಲಿರುವುದು ಪೀಣ್ಯದ ಒಂದು ತುಂಡು ಉಕ್ಕು ಮಾತ್ರ. ನಾಳೆಯೇ ಟಿಪ್ಪರ್ ಬರುತ್ತದೆ. ಬಾಯಿ ಮುಚ್ಚಿಕೊಂಡೆ. ನನ್ನ ಮುಖ ನೋಡಿ ಶೈಲಾಗೂ ಅರ್ಥವಾಗಿರಬೇಕು. ಮೆಲ್ಲಗೆ ಕಲ್ಲಿನ ಮೇಲೆ ಕೂತು ಮಂಡಕ್ಕಿಯನ್ನು ಮಡಿಲಿಗೆ ಎಳೆದುಕೊಂಡಳು.

"ನಾ ಇರ್ತೀನಿ. ನೀವು ಹೋಗ್ಬರ್ರಿ. ಮೂರೂ ಮಂದಿ ನಿಂತಿದ್ದಾತಲ್ಲ ಒಂದ್ಸಲ" ಎಂದಳು.

ಚಪ್ಪಲಿ ಬಿಟ್ಟು ಒಬ್ಬನೇ ಹತ್ತಿದೆ. ಬಸವಣ್ಣನ ಸುತ್ತ ನಾಲ್ಕು ಕಂಬ, ತಗಡಿನ ಮಾಡು. ಮೈಮೇಲೆ ಬೆಣ್ಣೆ, ಅರಿಸಿನ, ಸೇವಂತಿಗೆ. ಉಕ್ಕು ಒಂದಿಂಚೂ ಕಾಣುತ್ತಿರಲಿಲ್ಲ. ಅದರ ಹಿಂದೆ ತಂತಿಬೇಲಿ, ಬೇಲಿಯಾಚೆ ಆ ಹೊಂಡ. ಕೈ ಮುಗಿಯಬೇಕೋ ತಟ್ಟಿ ದನಿ ಕೇಳಬೇಕೋ ತಿಳಿಯದೆ ನಿಂತಿದ್ದೆ. ಪಕ್ಕದಲ್ಲಿ ಕರ್ಪೂರ ಹಚ್ಚುತ್ತಿದ್ದ ಹೆಂಗಸು ನನ್ನನ್ನು ನೋಡಿದಳು.

"ಹೊಸಬ್ರಾ ಸಾ? ಭಾರಿ ಸತ್ಯದ ದೇವ್ರು. ಯಾರೂ ಮಡಗಿದ್ದಲ್ಲ ಇದು. ಬಂಡೆ ಸಿಡ್ಸುವಾಗ ಒಳಗಿಂದ ತಾನಾಗೇ ಎದ್ದು ಬಂದವ್ನೆ."

ಇಪ್ಪತ್ತೇಳು ವರ್ಷ ಅಳೆಯದೆ ಸಹಿ ಹಾಕದವನು ನಾನು.

"ಹೌದಮ್ಮ" ಎಂದೆ. "ನಾನೂ ನೋಡಿದ್ದೀನಿ."